ಬಾಗಿಲ ಬಳಿ ನಿಂತಿರುವ ಮನುಷ್ಯ

ಇಂಗ್ಲಿಷ್ ವ್ಯಾಕರಣದ ಪುಸ್ತಕಗಳೆಂದರೆ ನನಗೆ ಚಿಕ್ಕಂದಿನಿಂದಲೂ ಒಂದು ಬಗೆಯ ಭಯ. ಅಂಕ ಹೋಗುತ್ತದೆ ಎಂಬ ಭಯವಲ್ಲ, ಅದು ಎಲ್ಲರಿಗೂ ಇದ್ದದ್ದೇ. ನನ್ನದು ಬೇರೆ ಥರದ್ದು. ರಿಲೇಟಿವ್ ಕ್ಲಾಜ್ ಎಂಬ ಪಾಠವನ್ನು ನೀವೇ ಒಮ್ಮೆ ತೆಗೆದು ನೋಡಿ. ಹೂ, ವಿಚ್, ವೇರ್ ಎಂಬ ಮೂರು ಪುಟ್ಟ ಪದಗಳಿಂದ ಎರಡು ವಾಕ್ಯಗಳಿಗೆ ಗಂಟು ಹಾಕುವ ಪಾಠ ಅದು. ಅಲ್ಲಿನ ಉದಾಹರಣೆಗಳನ್ನು ಸಾಲಾಗಿ ಓದಿ. ನಿನ್ನೆ ಬಂದಿದ್ದ ಹೆಂಗಸು ಮತ್ತೆ ಬರಲಿಲ್ಲ. ಯಾರೂ ವಾಸವಿಲ್ಲದ ಮನೆ ಆ ರಸ್ತೆಯ ಕೊನೆಯಲ್ಲಿದೆ. ಬಾಗಿಲ ಬಳಿ ನಿಂತಿರುವ ಮನುಷ್ಯ ನನ್ನ ತಂದೆ. ಆ ತಂದೆ ಬಾಗಿಲ ಬಳಿಯೇ ಏಕೆ ನಿಂತಿದ್ದಾನೆ, ಒಳಗೆ ಬರಲು ಅವನಿಗೇನು ತೊಂದರೆ, ಪುಸ್ತಕ ಹೇಳುವುದಿಲ್ಲ. ತಣ್ಣಗೆ ಮುಂದಿನ ಉದಾಹರಣೆಗೆ ಹೋಗಿಬಿಡುತ್ತದೆ. ವ್ಯಾಕರಣ ಬರೆದವರೆಲ್ಲ ದೆವ್ವದ ಕಥೆ ಬರೆಯಲು ಕೂತು, ಧೈರ್ಯ ಸಾಲದೆ ಒಂದೊಂದು ವಾಕ್ಯಕ್ಕೇ ಎದ್ದುಹೋದವರು ಎಂದು ನನ್ನ ಬಹುಕಾಲದ ಗುಮಾನಿ.

ಹೀಗೆ ಹೆದರುವವನು ಇಂಗ್ಲಿಷ್ ಮೇಷ್ಟ್ರಾದದ್ದು ಹೇಗೆ ಎಂದು ಕೇಳಬೇಡಿ. ಬೂದಿಕೋಟೆಯ ನಮ್ಮ ಮನೆಯಲ್ಲಿ ಎರಡು ಹಸು, ಒಂದಿಷ್ಟು ರಾಗಿ ಹೊಲ ಇದ್ದವು. ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ನಾನು ಹೂ, ಹೂಮ್, ಹೂಸ್ ಎಂದು ಉರು ಹೊಡೆಯುತ್ತಿದ್ದರೆ ಹಾಲು ಕರೆಯುತ್ತಿದ್ದ ನಮ್ಮವ್ವ, "ಅದೇನ್ಲಾ ಅದು, ಗೂಬೆ ಕೂಗ್ದಂಗೆ?" ಎಂದು ಬೈಯುತ್ತಿದ್ದಳು. ಆ ಗೂಬೆಯ ಕೂಗಿನಿಂದಲೇ ಮುಂದೆ ಸಂಬಳ ಬಂತು, ಬಂಗಾರಪೇಟೆಯಲ್ಲಿ ಮನೆಯಾಯಿತು, ನಿವೃತ್ತಿಯೂ ಆಯಿತು. ನಿವೃತ್ತನಾದ ಮೇಲೆ ಮನೆಯಲ್ಲಿ ಹೆಂಡತಿಯ ಮಾತಿನ ತಪ್ಪು ತಿದ್ದಲು ಹೋಗಿ ಎರಡು ದಿನ ಕಾಫಿ ಕಳೆದುಕೊಂಡೆ. ತಿದ್ದುವ ಚಪಲವನ್ನು ಹೊರಗೆಲ್ಲಾದರೂ ತೀರಿಸಿಕೊಳ್ಳುವುದು ಕ್ಷೇಮ ಎನ್ನಿಸಿತು. ಅಷ್ಟರಲ್ಲಿ ಕೆಜಿಎಫ್‌ನ ಚಾಂಪಿಯನ್ ಗಣಿಯ ಕಡೆಯ ಒಂದು ಲೈನಿನ ಹೆಂಗಸರು, ಗುರುವಾರ ಮತ್ತು ಭಾನುವಾರ ಮಧ್ಯಾಹ್ನ ಬಂದು ಇಂಗ್ಲಿಷ್ ಹೇಳಿಕೊಡಿ ಎಂದು ಹೇಳಿ ಕಳುಹಿಸಿದರು.

ಲೈನು ಎಂದರೆ ಗಣಿ ಕೆಲಸಗಾರರಿಗೆಂದು ಒಂದಕ್ಕೊಂದು ಅಂಟಿಸಿ ಕಟ್ಟಿದ ತಗ್ಗು ಮನೆಗಳ ಸಾಲು. ಗಣಿ ಮುಚ್ಚಿ ವರ್ಷಗಳಾದವು, ಸಾಲು ಹಾಗೇ ಇದೆ. ಸ್ಕೂಟರನ್ನು ಬಂಗಾರಪೇಟೆ ಸ್ಟೇಷನ್ನಿನ ಬಳಿಯ ಸ್ಟ್ಯಾಂಡಿನಲ್ಲಿ ಬಿಟ್ಟು, ಮಾರಿಕುಪ್ಪಂ ಕಡೆಯ ರೈಲು ಹತ್ತಿ, ಇಳಿದು ಹತ್ತು ನಿಮಿಷ ನಡೆದರೆ ಲೈನಿನ ರೀಡಿಂಗ್ ರೂಮು. ಅದರ ಕಿಟಕಿಯಾಚೆ ಸಯನೈಡ್ ದಿಬ್ಬ, ಚಿನ್ನ ತೆಗೆದ ಮೇಲೆ ಸುರಿದ ಮಣ್ಣಿನ ಬೂದುಬಣ್ಣದ ಗುಡ್ಡ. ಗಾಳಿ ಬೀಸಿದಾಗ ಅದರ ನೆತ್ತಿಯಿಂದ ಪುಡಿ ಎದ್ದು ಹೊಗೆಯಾಡಿದಂತೆ ಕಾಣುತ್ತದೆ. ಒಳಗೆ ಗೋಡೆಯ ಮೇಲೆ ಒಂದು ದೊಡ್ಡ ಮರದ ಹಲಗೆ. ಅದರ ತುಂಬ ಮೊಳೆಗಳು, ಮೊಳೆಗೊಂದು ಹಿತ್ತಾಳೆಯ ಬಿಲ್ಲೆ, ಬಿಲ್ಲೆಗೊಂದು ನಂಬರು. ನಾನು ಅದನ್ನು ಹಳೆಯ ಕೇರಂ ಕ್ಲಬ್ಬಿನದೋ ಏನೋ ಎಂದುಕೊಂಡೆ. ಕೇಳಲಿಲ್ಲ. ಮೇಷ್ಟ್ರುಗಳು ಕೇಳುವುದು ಉತ್ತರ ಗೊತ್ತಿರುವ ಪ್ರಶ್ನೆಗಳನ್ನು ಮಾತ್ರ.

ಮೊದಲ ದಿನವೇ ಪಾಠದ ನಡುವೆ ಆ ಬಿಲ್ಲೆಗಳೆಲ್ಲ ತಾವಾಗಿಯೇ ಕಿಣಿಕಿಣಿ ಎಂದವು. ಗಾಳಿಯಿರಲಿಲ್ಲ, ಫ್ಯಾನೂ ಇರಲಿಲ್ಲ. ಕಾಲ ಕೆಳಗೆ ನೆಲ ಸಣ್ಣಗೆ ನಡುಗಿ ಸುಮ್ಮನಾಯಿತು. ಹೆಂಗಸರು ಯಾರೂ ತಲೆಯೆತ್ತಲಿಲ್ಲ, ಬರೆಯುತ್ತಲೇ ಇದ್ದರು. ರೂಮಿನ ಬೀಗದ ಕೈ ಇಟ್ಟುಕೊಂಡಿರುವ ದೊರೈ ತಾತ, ಮೂವತ್ತು ವರ್ಷ ಗಣಿಯೊಳಗೆ ದುಡಿದವರು, ನನ್ನ ಮುಖ ನೋಡಿ ನಕ್ಕರು. "ಒಣ್ಣೂ ಇಲ್ಲೆ ಸಾರ್, ಏನೂ ಇಲ್ಲ. ಗಣೀಲಿ ನೀರ್ ತುಂಬ್ಕೊಂಡೈತಲ್ಲ, ಬಂಡೆ ಜರಗ್ತದೆ. ಕೆಳಗಿರೋರು ಮಗ್ಗಲು ಬದ್ಲಾಯಿಸ್ತಾರೆ ಅಂತೀವಿ ನಾವು, ಅಷ್ಟೇ." ಬಂಡೆಯ ವಿವರಣೆಯಿಂದ ಬಂದ ಸಮಾಧಾನ ಎರಡನೆಯ ವಿವರಣೆಯಿಂದ ಹೊರಟುಹೋಯಿತು.

ಇಲ್ಲಿ ಸ್ವಲ್ಪ ಪಾಠ ಮಾಡಿಬಿಡುತ್ತೇನೆ, ಸಹಿಸಿಕೊಳ್ಳಿ. ಇಂಗ್ಲಿಷಿನವರು ಮೊದಲು ಮನುಷ್ಯನನ್ನು ತಂದು ನಿಲ್ಲಿಸುತ್ತಾರೆ, ಆಮೇಲೆ ಹೂ ಎಂದು ಅವನ ಪುರಾಣ ಬಿಚ್ಚುತ್ತಾರೆ. ನಮ್ಮಲ್ಲಿ ಹಾಗಲ್ಲ. ಕನ್ನಡದಲ್ಲಿ ಪುರಾಣವೇ ಮುಂದೆ, ಮನುಷ್ಯ ಕಡೆಗೆ. 'ಮುಚ್ಚಿದ ಬಾಗಿಲು ಮುಚ್ಚಿದಂತೆಯೇ ಇರಲು ಸದ್ದಿಲ್ಲದೆ ಒಳಗೆ ಬಂದು ನನ್ನ ತಟ್ಟೆಯ ಮುಂದೆ ಕೂತು ನನ್ನನ್ನೇ ದಿಟ್ಟಿಸುತ್ತಿದ್ದ' ಎಂದು ಹೇಳಿ ನಾನು ಒಂದು ಲೋಟ ನೀರು ಕುಡಿಯಲು ಎದ್ದುಹೋದರೆ, ನಾನು ವಾಪಸು ಬರುವವರೆಗೆ ನಿಮ್ಮ ಗತಿಯೇನು? ಬಂದು 'ಬೆಕ್ಕು' ಎಂದರೆ ಉಸಿರು ಬಿಡುತ್ತೀರಿ. ಇಂಗ್ಲಿಷಿನವನು ಬೆಕ್ಕು ಎಂದೇ ಶುರುಮಾಡಿ ಮಜವೆಲ್ಲ ಕೆಡಿಸುತ್ತಾನೆ. ಯಾವನು ಬಂದನೋ ಅವನು ಎಂದು ಸಂಸ್ಕೃತದ ಜಾಡಿನಲ್ಲಿ ಹೇಳುವ ಇನ್ನೊಂದು ರೀತಿಯೂ ನಮ್ಮಲ್ಲುಂಟು. ಅದರಲ್ಲೂ ಅವನು ಯಾರೆಂದು ತಿಳಿಯಲು ಕೊನೆಯವರೆಗೆ ಕಾಯಬೇಕು. ಒಟ್ಟಿನಲ್ಲಿ ನಾವು ಕಾಯುವುದಕ್ಕೆ ಒಗ್ಗಿಕೊಂಡ ಜನ ಎಂದು ಅಂದು ತರಗತಿಯಲ್ಲಿ ಹೇಳಿದೆ. ಹೆಂಗಸರು ನಕ್ಕರು. ಸರೋಜ ಮಾತ್ರ ನಗಲಿಲ್ಲ.

ಸರೋಜಾಗೆ ನಲವತ್ತು ದಾಟಿದೆ. ಒಂದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಕೆಲಸ, ತಾಯಿ ಮುನಿಯಮ್ಮನ ಜೊತೆ ಅದೇ ಲೈನಿನಲ್ಲಿ ವಾಸ. ಅವಳು ಇಂಗ್ಲಿಷ್ ಕಲಿಯಲು ಬಂದದ್ದು ಒಂದೇ ಒಂದು ಅರ್ಜಿಗಾಗಿ. ಲೈನಿನ ಮನೆಗಳನ್ನು ವಾಸವಿರುವವರ ಹೆಸರಿಗೇ ಮಾಡಿಕೊಡುತ್ತಾರೆ, ತಿಂಗಳ ಕೊನೆಯೊಳಗೆ ಅರ್ಜಿ ಹಾಕಬೇಕು ಎಂದಾಗಿತ್ತು. ಅರ್ಜಿ ಇಂಗ್ಲಿಷಿನಲ್ಲೇ ಇದ್ದರೆ ಮೇಲಿನವರು ಓದುತ್ತಾರೆ ಎಂಬುದು ಅಲ್ಲಿ ಎಲ್ಲರ ನಂಬಿಕೆ. ಗಂಡ ತೀರಿಕೊಂಡಿದ್ದಾನೆಂದು ಬರೆದು ಮುನಿಯಮ್ಮ ಸಹಿ ಹಾಕಬೇಕು. ಹಾಕದಿದ್ದರೆ ತಾಯಿ ಬಾಳಿದ, ಮಗಳು ಹುಟ್ಟಿ ಬೆಳೆದ ಆ ಒಂದೂವರೆ ಕೋಣೆ ಕೈತಪ್ಪುತ್ತದೆ. ಸರೋಜ ಬರೆದು ತಂದ ಕಾಗದದಲ್ಲಿ, ನನ್ನ ಗಂಡ ಕೆಳಗೆ ಇದ್ದಾರೆ ಎಂಬರ್ಥದ ವಾಕ್ಯವಿತ್ತು. ನಾನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ತೀರಿಕೊಂಡರು ಎಂದು ತಿದ್ದಿಕೊಟ್ಟೆ. ಮುಂದಿನ ವಾರ ಮತ್ತೆ ಅದೇ ವಾಕ್ಯ ಬಂತು. ಮತ್ತೆ ತಿದ್ದಿದೆ.

"ನೀವ್ ತಿದ್ದಿದ್ದು ಸರಿ ಸಾರ್. ಅಮ್ಮ ಸೈನ್ ಆಕಲ್ಲ ಅಂತವ್ಳೆ," ಎಂದಳು ಸರೋಜ.

ವಯಸ್ಸಾದವರ ಹಟ, ನಿಧಾನಕ್ಕೆ ಒಪ್ಪುತ್ತಾರೆ ಎಂದೆ. ಅದೆಂಥ ಹಟ ಎಂದು ಆಗಲೂ ಕೇಳಲಿಲ್ಲ.

ಆ ಗುರುವಾರ ನಡೆದದ್ದು ಇಷ್ಟೇ. ಬಂಗಾರಪೇಟೆಯ ಸ್ಕೂಟರ್ ಸ್ಟ್ಯಾಂಡಿನವನಿಗೆ ಕಾಗದದ ಚೀಟಿಯ ಮೇಲೆ ನಂಬಿಕೆಯಿಲ್ಲ, ಅವನೂ ಹಿತ್ತಾಳೆಯ ಬಿಲ್ಲೆಯನ್ನೇ ಕೊಡುತ್ತಾನೆ. ನನ್ನ ಜೇಬಿನಲ್ಲಿ ಅದು ಸೀಮೆಸುಣ್ಣದ ಚೂರುಗಳ ನಡುವೆ ಸಿಕ್ಕಿಕೊಂಡು ಯಾವಾಗಲೂ ಕಾಟ ಕೊಡುತ್ತಿತ್ತು. ಗೋಡೆಯ ಹಲಗೆಯ ಮೂರನೆಯ ಸಾಲಿನಲ್ಲಿ ಒಂದು ಮೊಳೆ ಖಾಲಿಯಿದ್ದುದು ಕಣ್ಣಿಗೆ ಬಿತ್ತು. ಇಡೀ ಹಲಗೆಯಲ್ಲಿ ಅದೊಂದೇ ಖಾಲಿ. ಜೀವಮಾನವಿಡೀ ಬಿಟ್ಟ ಸ್ಥಳ ತುಂಬಿರಿ ಎಂದು ಪ್ರಶ್ನೆಪತ್ರಿಕೆ ತೆಗೆದವನಿಗೆ ಖಾಲಿ ಜಾಗ ಕಂಡರೆ ಕೈ ಸುಮ್ಮನಿರುವುದಿಲ್ಲ. ಪಾಠ ಮುಗಿಯುವವರೆಗೆ ಇರಲಿ ಎಂದು ನನ್ನ ಬಿಲ್ಲೆಯನ್ನು ಅಲ್ಲಿ ನೇತುಹಾಕಿದೆ. ಎರಡರ ನಂಬರೂ ಒಂದೇ ಆಗಿತ್ತು ಎಂದರೆ ಕೇಳಲು ಚೆನ್ನಾಗಿರುತ್ತಿತ್ತು, ಆದರೆ ಇಲ್ಲ. ಮೊಳೆಯ ಕೆಳಗೆ ಇನ್ನೂರ ಹದಿನೇಳು, ನನ್ನ ಬಿಲ್ಲೆಯ ಮೇಲೆ ನಲವತ್ತಾರು.

ಆಮೇಲೆ ಬೋರ್ಡಿನ ಕಡೆ ತಿರುಗಿ ಬರೆದೆ: ದ ಮ್ಯಾನ್ ಹೂ ಈಸ್ ಸ್ಟ್ಯಾಂಡಿಂಗ್ ಅಟ್ ದ ಡೋರ್ ಈಸ್ ಮೈ ಫಾದರ್. ಎಲ್ಲರೂ ಒಟ್ಟಿಗೆ ಓದಿ ಎಂದೆ. ಓದಿದರು. ಓದು ಮುಗಿಯುವುದಕ್ಕೂ ನೆಲ ನಡುಗುವುದಕ್ಕೂ ಸರಿಹೋಯಿತು. ಬಿಲ್ಲೆಗಳು ಕಿಣಿಕಿಣಿ ಎಂದವು, ಮೂರನೆಯ ಸಾಲಿನ ನಡುವೆ ಒಂದು ಹೊಸ ದನಿಯೂ ಸೇರಿಕೊಂಡಿತು. ಎಂದೂ ತಲೆಯೆತ್ತದ ಹೆಂಗಸರು ಅಂದು ಎತ್ತಿದರು. ಮೊದಲು ಹಲಗೆಯನ್ನು ನೋಡಿದರು, ಆಮೇಲೆ ಅಷ್ಟೂ ಜನ ಕತ್ತು ತಿರುಗಿಸಿ ಬಾಗಿಲನ್ನು ನೋಡಿದರು. ನಾನೂ ನೋಡಿದೆ. ಬಾಗಿಲಲ್ಲಿ ಬಿಸಿಲು ಬಿಟ್ಟು ಬೇರೇನೂ ಇರಲಿಲ್ಲ. ಆದರೂ ನಿಮ್ಮಾಣೆ, ಆ ಬಿಸಿಲು ಯಾರಿಗೋ ಜಾಗ ಬಿಟ್ಟು ಬಿದ್ದಂತಿತ್ತು. ಇವತ್ತಿಗೆ ಸಾಕು ಎಂದವನೇ ಪುಸ್ತಕ ಮುಚ್ಚಿ ರೈಲಿಗೆ ಓಡಿದೆ.

ಬಿಲ್ಲೆಯ ನೆನಪಾದದ್ದು ಬಂಗಾರಪೇಟೆಯಲ್ಲಿ. ನನ್ನ ಸ್ಕೂಟರು ಕಣ್ಣೆದುರಿಗೇ ಇತ್ತು. ಸ್ಟ್ಯಾಂಡಿನವನಿಗೆ ನನ್ನ ಗುರುತೂ ಇತ್ತು, ನನ್ನ ಹತ್ತಿರವೇ ಎಂಟನೇ ಕ್ಲಾಸು ಓದಿದವನು. ಆದರೂ ಕೈಯಾಡಿಸಿಬಿಟ್ಟ. "ಗಾಡಿ ನಿಮ್ದೇ ಸಾರ್, ಇಲ್ಲ ಅಂದೋರ್ಯಾರು? ಬಿಲ್ಲೆ ವಾಪಸ್ ಬರ್ದೆ ಗಾಡಿ ಈಚೆಗ್ ಬರಾಕಿಲ್ಲ. ನಾನ್ ಅದೊಂದೇ ರೂಲ್ಸ್ ಮಡಗಿರಾದು." ಒಂದು ವಾಕ್ಯಕ್ಕೂ ನೆಟ್ಟಗೆ ಗಂಟು ಹಾಕಲು ಬಾರದಿದ್ದ ಹುಡುಗ ಇಷ್ಟು ಖಚಿತವಾಗಿ ಮಾತಾಡುವುದನ್ನು ಕಂಡು ಸಿಟ್ಟೂ ಬಂತು, ಹೆಮ್ಮೆಯೂ ಆಯಿತು. ಬಸ್ಸಿನಲ್ಲಿ ಮನೆಗೆ ಹೋದೆ.

ಭಾನುವಾರ ಹೋದಾಗ ರೀಡಿಂಗ್ ರೂಮಿನ ಬಾಗಿಲು ತೆರೆದಿತ್ತು, ಹೆಂಗಸರು ಯಾರೂ ಇರಲಿಲ್ಲ. ದೊರೈ ತಾತ ಒಬ್ಬರೇ ಹಲಗೆಯ ಮುಂದೆ ಬೆಂಚಿನ ಮೇಲೆ ಕೂತಿದ್ದರು. ನನ್ನ ಬಿಲ್ಲೆ ಮೊಳೆಯಲ್ಲೇ ಇತ್ತು. ಅಬ್ಬಾ ಎಂದು ಕೈ ಚಾಚಿದೆ.

"ಮುಟ್ಬೇಡಿ ಸಾರ್," ಎಂದರು ತಾತ. ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಯಾರು ಆಕಿದ್ದು ಇದನ್ನ?"

ನಾನೇ ಎಂದೆ. ಅವರು ಬೆಂಚಿನ ಮೇಲೆ ನನಗೆ ಜಾಗ ಮಾಡಿಕೊಟ್ಟರು. ಆಮೇಲೆ ಹೇಳಿದರು. ಗಣಿಗೆ ಇಳಿಯುವಾಗ ಪ್ರತಿಯೊಬ್ಬನೂ ತನ್ನ ನಂಬರಿನ ಬಿಲ್ಲೆಯನ್ನು ಹಲಗೆಯಿಂದ ತೆಗೆದುಕೊಂಡು ಇಳಿಯುತ್ತಿದ್ದ, ಮೇಲೆ ಬಂದ ಕೂಡಲೇ ಅದೇ ಮೊಳೆಗೆ ಹಾಕುತ್ತಿದ್ದ. ಮೊಳೆ ಖಾಲಿಯಿದ್ದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದರ್ಥ. ಗಣಿ ಮುಚ್ಚಿದ ದಿನ ಕಡೆಯ ಸಲ ಬಿಲ್ಲೆ ಹಾಕಿ, ಲೈನಿನವರೇ ಹಲಗೆಯನ್ನು ಹೊತ್ತು ತಂದು ಇಲ್ಲಿ ನಿಲ್ಲಿಸಿದ್ದರು. ಇನ್ನೂರ ಹದಿನೇಳು ಮುನಿಯಮ್ಮನ ಗಂಡ ವೆಂಕಟಪ್ಪನದು. ಕ್ಯಾಸಂಬಳ್ಳಿ ಕಡೆಯಿಂದ ಗಣಿಗೆ ಬಂದವನು. ಸರೋಜಾಗೆ ಮೂರು ವರ್ಷವಾಗಿದ್ದಾಗ ಬೆಳಗಿನ ಪಾಳಿಗೆ ಇಳಿದ. ಒಳಗೆ ಬಂಡೆ ಸಿಡಿಯಿತು. ಆ ಗುಂಪಿನಲ್ಲಿ ಅವನೊಬ್ಬನೇ ಸಿಗಲಿಲ್ಲ.

"ಲೈನ್ ಎಂಗಸ್ರಿಗೆ ಒಂದ್ ಕಟ್ಟುಪಾಡು ಸಾರ್. ಗಂಡಸು ಕೆಳಗಿರೋವಾಗ ಅಳಂಗಿಲ್ಲ. ಮೇಲೆ ಅತ್ತರೆ ಕೆಳಗ್ ನೀರ್ ಜಾಸ್ತಿ ಆಯ್ತದೆ ಅಂತ. ಮುನಿಯಮ್ಮ ಅವತ್ತೂ ಅಳ್ಲಿಲ್ಲ, ಈವತ್ತಿನ್ಗಂಟ ಅಳ್ಲಿಲ್ಲ. ಬಳೆ ತೆಗೀಲಿಲ್ಲ, ಕುಂಕುಮ ಬಿಡ್ಲಿಲ್ಲ. ಕಂಪ್ನಿ ಪರಿಹಾರದ್ ಕಾಗದಕ್ಕೆಲ್ಲ ಅವ್ಳ ಮೈದುನ ಸೈನ್ ಆಕ್ದ. ಅವ್ಳು ಬಿಲ್ಲೆ ಬರ್ಲಿ ಅಂದ್ಳು."

ನಾನು ಎರಡೆರಡು ಸಲ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ ವಾಕ್ಯ ನೆನಪಾಗಿ ಕಿವಿ ಬಿಸಿಯಾಯಿತು.

"ಗುರುವಾರ ಸಾಯಂಕಾಲ ಮೊಳೇಲಿ ಬಿಲ್ಲೆ ಐತೆ ಅಂತ ಯಾರೋ ಓಗಿ ಅವ್ಳಿಗೆ ಏಳ್ಬುಟ್ರು," ಎಂದರು ತಾತ. "ಬಂದು ನೋಡಿದ್ಳು. ಮನೆಗೋಗಿ ಅಂಡೆ ತುಂಬ ನೀರ್ ಕಾಸಿದ್ಳಂತೆ."

ಪಾಳಿ ಮುಗಿಸಿ ಬಂದವನಿಗೆ ಮೊದಲು ಬಿಸಿನೀರು, ಆಮೇಲೆ ಮುದ್ದೆ ಎಂಬುದು ಲೈನಿನ ಪದ್ಧತಿ. ಮಾಡಿದ್ದು ಕೆಟ್ಟ ಉದ್ದೇಶದಿಂದಲ್ಲ ಎಂಬ ಸಮಾಧಾನ ಇಂಥ ಹೊತ್ತಿನಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ. ನಲವತ್ತು ವರ್ಷ ಕಾದ ಮುದುಕಿಯ ಮುಂದೆ ನಿಂತು, ಅಮ್ಮಾ, ಅದು ನನ್ನ ಸ್ಕೂಟರಿನದು ಎಂದು ಹೇಳಬೇಕು. ಹೇಳದೆ ರೈಲು ಹತ್ತಿಬಿಡುವ ಯೋಚನೆಯೂ ಬಂತು, ಸುಳ್ಳು ಹೇಳುವುದಿಲ್ಲ. ರೈಲಿಗೆ ಇನ್ನೂ ಎರಡು ಗಂಟೆಯಿತ್ತು, ಅದೊಂದೇ ಕಾರಣಕ್ಕೆ ಧೈರ್ಯ ಮಾಡಿದೆ ಎಂದರೂ ತಪ್ಪಲ್ಲ. ಲೈನಿನ ಓಣಿಯಲ್ಲಿ ಪ್ರತಿ ಮನೆಯ ಬಾಗಿಲೂ ತೆರೆದಿತ್ತು, ಒಳಗಿನಿಂದ ನನ್ನ ವಿದ್ಯಾರ್ಥಿನಿಯರೇ ನೋಡುತ್ತಿದ್ದರು. ಯಾರೂ ಗುಡ್ ಆಫ್ಟರ್‌ನೂನ್ ಎನ್ನಲಿಲ್ಲ.

ಮುನಿಯಮ್ಮ ಹೊಸಿಲ ಒಳಗೆ ಚಾಪೆಯ ಮೇಲೆ ಕೂತಿದ್ದಳು. ಸಣ್ಣ ದೇಹ, ದೊಡ್ಡ ಕುಂಕುಮ. ಪಕ್ಕದಲ್ಲಿ ಸರೋಜ, ಅವಳ ತೊಡೆಯ ಮೇಲೆ ಅರ್ಜಿಯ ಕಾಗದ. ನಾನು ಬಾಗಿಲ ಬಳಿಯೇ ನಿಂತೆ. ಒಳಗೆ ಹೋಗಲು ಕಾಲು ಬರಲಿಲ್ಲ. ನಿಂತಲ್ಲಿಂದಲೇ, ಆ ಬಿಲ್ಲೆ ನನ್ನದು, ತಿಳಿಯದೆ ಹಾಕಿದೆ, ಕ್ಷಮಿಸಿ ಎಂದು ಒದರಿಬಿಟ್ಟೆ.

"ಗೊತ್ತು ಸಾ," ಎಂದಳು ಮುನಿಯಮ್ಮ. "ಅದ್ರ ಮ್ಯಾಲೆ ಸ್ಕೂಟ್ರು ಬೊಂಬೆ ಐತಲ್ಲ. ನಂಗೇನ್ ಕಣ್ ಕಾಣಲ್ವಾ?"

ಅವಳೇ ಮಾತು ಮುಂದುವರಿಸಿದಳು.

"ಒಳಗ್ ಬಿಲ್ಲೆ ಕಳ್ಕೊಂಡೋರು ಏನ್ ಮಾಡೋರು ಗೊತ್ತಾ? ಆಯಪ್ಪನೇ ಒಂದ್ ದಪ ಕಳ್ಕೊಂಡಿದ್ರು. ಗಣಿ ಟೈಮ್ ಆಪೀಸ್ನಾಗೆ ಬ್ಯಾರೆ ಬಿಲ್ಲೆ ತಕ್ಕೊಂಡು ಮೊಳೆಗಾಕಿ ಮನೆಗ್ ಬಂದ್ರು. ಇಷ್ಟ್ ವರ್ಸ ಕೆಳಗಿದ್ ಮ್ಯಾಲೆ ಬಿಲ್ಲೆ ಉಳ್ದಿರ್ತದಾ? ಯಾರ್ದಾರ ಆಕ್ಲೇಬೇಕಿತ್ತು. ಲೈನ್ನೋರ್ ಯಾರೂ ಆ ಮೊಳೆ ಮುಟ್ತಿರ್ಲಿಲ್ಲ. ನಿಮ್ಗ್ ಗೊತ್ತಿರ್ಲಿಲ್ಲ, ಆಕುದ್ರಿ."

"ನೀರು ಕಾಸಿದಿರಂತೆ," ಎಂದೆ. ಕೇಳಬಾರದಿತ್ತು, ಕೇಳಿಬಿಟ್ಟೆ.

"ಕಾಸ್ದೆ. ಮುದ್ದೆ ಇಕ್ಕಿ ಬಾಗ್ಲ್ ತಗ್ದು ಮಲೀಕಂಡೆ." ಅವಳು ಬಚ್ಚಲ ಕಡೆ ನೋಡಿದಳು. "ಬೆಳಿಗ್ಗೆ ಅಂಡೆ ಖಾಲಿ ಇತ್ತು ಸಾ."

ನಾನು ಸರೋಜಾಳ ಮುಖ ನೋಡಿದೆ. ನೀನು ಮಿಂದೆಯಾ ಎಂದು ಕಣ್ಣಲ್ಲೇ ಕೇಳಿದೆ. ಅವಳು ಇಲ್ಲವೆಂದು ತಲೆಯಾಡಿಸಿದಳು. ಹಳೆಯ ಹಂಡೆ, ಎಲ್ಲೋ ಸೋರಿರಬಹುದು. ಸೋರಿತ್ತೇ ಎಂದು ಎದ್ದು ಹೋಗಿ ನೋಡುವ ಧೈರ್ಯ ನನಗಿರಲಿಲ್ಲ, ಈಗಲೂ ಇಲ್ಲ. ಬಚ್ಚಲ ಕಲ್ಲು ಇನ್ನೂ ಒದ್ದೆಯಾಗಿತ್ತು ಎಂಬುದನ್ನು ಮಾತ್ರ ನಿಂತಲ್ಲಿಂದಲೇ ಕಂಡೆ.

ಸರೋಜ ಕಾಗದವನ್ನು ನನ್ನ ಕೈಗೆ ಕೊಟ್ಟಳು. ಅಮ್ಮ ಹೇಳಿದಂತೆ ಬರೆದೆ, ತಪ್ಪಿದ್ದರೆ ನೋಡಿ ಎಂದಳು. ಮೈ ಹಸ್ಬೆಂಡ್, ಹೂ ಕೇಮ್ ಅಪ್ ಲಾಸ್ಟ್ ಥರ್ಸ್‌ಡೇ, ಈಸ್ ಡೆಡ್. ಕಳೆದ ಗುರುವಾರ ಮೇಲೆ ಬಂದ ನನ್ನ ಗಂಡ ತೀರಿಕೊಂಡಿದ್ದಾರೆ. ಎರಡು ಸಲ ಓದಿದೆ. ಒಂದು ತಪ್ಪೂ ಇರಲಿಲ್ಲ. ಅಲ್ಪವಿರಾಮಗಳು ಕೂಡ ಇರಬೇಕಾದಲ್ಲೇ ಇದ್ದವು. ನನ್ನ ವಿದ್ಯಾರ್ಥಿಗಳಲ್ಲಿ ಯಾರೂ ಇಷ್ಟು ಒಳ್ಳೆಯ ರಿಲೇಟಿವ್ ಕ್ಲಾಜ್ ಬರೆದದ್ದು ನನಗೆ ನೆನಪಿಲ್ಲ. ಆದರೆ ಆಫೀಸಿನವರು ಏನೆಂದುಕೊಂಡಾರು? ಎರಡು ಅಲ್ಪವಿರಾಮಗಳ ನಡುವೆ ಇರುವುದನ್ನು ತೆಗೆದರೂ ವಾಕ್ಯ ನಿಲ್ಲುತ್ತದೆ, ಆಫೀಸಿಗೆ ಬೇಕಾದದ್ದು ಉಳಿದೇ ಇರುತ್ತದೆ, ಬೇಕಾದರೆ ತೆಗೆಯಬಹುದು ಎಂದು ಮೆಲ್ಲಗೆ ಹೇಳಿ ನೋಡಿದೆ.

"ಅದ್ ತಗುದ್ರೆ ನಾನ್ ಸೈನ್ ಆಕಲ್ಲ," ಎಂದಳು ಮುನಿಯಮ್ಮ.

ತೆಗೆಯಲಿಲ್ಲ. ಅರ್ಜಿ ಹಾಗೆಯೇ ಹೋಯಿತು, ಯಾರೂ ಏನೂ ಕೇಳಲಿಲ್ಲವಂತೆ. ಆಫೀಸುಗಳಲ್ಲಿ ನಡುವಿನದನ್ನು ಯಾರೂ ಓದುವುದಿಲ್ಲ ಎಂಬುದು ಒಮ್ಮೊಮ್ಮೆ ದೊಡ್ಡ ಉಪಕಾರ. ನನ್ನ ಬಿಲ್ಲೆಯನ್ನು ವಾಪಸು ಕೇಳುವ ಮುಖ ನನಗಿರಲಿಲ್ಲ. ಮಾರನೆಯ ದಿನ ಸ್ಟ್ಯಾಂಡಿನವನಿಗೆ, ನಾನು ಕಳೆದುಕೊಂಡ ಬಿಲ್ಲೆ ಎಲ್ಲಿದೆಯೋ ತಿಳಿಯದು ಎಂದು ಸಹಿ ಹಾಕಿ ಬರೆದುಕೊಟ್ಟು ಸ್ಕೂಟರು ಬಿಡಿಸಿಕೊಂಡೆ. ಆ ವಾಕ್ಯದಲ್ಲೂ ವ್ಯಾಕರಣದ ತಪ್ಪಿರಲಿಲ್ಲ.

ಇದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ಮುನಿಯಮ್ಮ ಪೆನ್ನು ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಕಾಗದದಲ್ಲಿ ಬರೆದದ್ದನ್ನು ಕನ್ನಡದಲ್ಲಿ ಇನ್ನೊಮ್ಮೆ ಹೇಳಿಸಿಕೊಂಡಳು. ಅದನ್ನು ಮಡಿಸಿ ಮಗಳ ಕೈಗಿಟ್ಟಳು. ಆಮೇಲೆ ಶಾಲೆಯ ಮಗುವಿನ ಹಾಗೆ ನನ್ನ ಕಡೆ ತಿರುಗಿ, "ಇನ್ನ ಅಳಬೋದಾ ಸಾ?" ಎಂದು ಕೇಳಿದಳು.

ನೀರು ಕುಡಿಯಲು, ಹೊರಗೆ ಹೋಗಲು, ಒಳಗೆ ಬರಲು ಎಷ್ಟು ಸಾವಿರ ಸಲ ಅಪ್ಪಣೆ ಕೊಟ್ಟಿದ್ದೇನೋ ನಾನು. ಇದಕ್ಕೆ ಏನು ಹೇಳಬೇಕೆಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಅವಳೆದುರು ನೆಲದ ಮೇಲೆ ಕೂತೆ. ಅಳಮ್ಮ ಎಂದೆ.